ಓದದೇ ತಿಳಿಯುವ ವಿದ್ಯೆ

'ಅರ್ಹವಲ್ಲ.' ಯಾಕೆ ಸ್ವಾಮಿ? 'ನಿಯಮಾವಳಿ ನೋಡಿದೆವು, ಅರ್ಹವಲ್ಲ.' ಯಾವ ನಿಯಮ? 'ಹೇಳಿದೆವಲ್ಲ, ನಿಯಮಾವಳಿ ನೋಡಿದೆವು.'

ಒಂದು ಕಾದಂಬರಿಯನ್ನು ಪಟ್ಟಿಯಿಂದ ಯಾಕೆ ಕೈಬಿಟ್ಟಿರಿ ಎಂದರೆ, ವಿಜ್ಞಾನ ಕಥೆ, ಫ್ಯಾಂಟಸಿಗಳಿಗೆ ಓದುಗರ ಮತದಿಂದ ಕೊಡುವ ಹ್ಯೂಗೋ ಪ್ರಶಸ್ತಿ ಹಂಚಿದವರ ಉತ್ತರದ ಸಾರ ಇಷ್ಟೇ. ತಾಲೂಕು ಕಚೇರಿಯ ಗುಮಾಸ್ತರೂ ಇವರ ಕಾಲಿಗೆ ಬೀಳಬೇಕು.

ಆ ಕಾದಂಬರಿ, ಆರ್.ಎಫ್. ಕುವಾಂಗ್ ಅವರ 'ಬೇಬೆಲ್', ಬಂದದ್ದು 2022ರಲ್ಲಿ. ಕಥೆ ನಡೆಯುವುದು 1830ರ ದಶಕದ ಆಕ್ಸ್‌ಫರ್ಡ್‌ನಲ್ಲಿ. ಅಲ್ಲಿನ ಪಂಡಿತರು ಬೆಳ್ಳಿಯ ಮೇಲೆ ಬೇರೆ ಬೇರೆ ಭಾಷೆಯ ಪದ ಕೆತ್ತಿ ಮಾಟ ಮಾಡುತ್ತಾರೆ, ಆ ಬೆಳ್ಳಿಯಿಂದ ಬ್ರಿಟಿಷ್ ಸಾಮ್ರಾಜ್ಯ ನಡೆಯುತ್ತದೆ. ಅದಕ್ಕೆ ಕ್ಯಾಂಟನ್ನಿನ ಹುಡುಗ ಬೇಕು, ಕಲ್ಕತ್ತೆಯ ಹುಡುಗ ಬೇಕು, ಹೈಟಿ ಮೂಲದ ಹುಡುಗಿ ಬೇಕು. ಅವರ ನಾಲಿಗೆ ಬೇಕು, ಅವರು ಬೇಡ. 2023ರ ಮೇನಲ್ಲಿ ಇದಕ್ಕೆ ಇದೇ ಬಗೆಯ ಇನ್ನೊಂದು ದೊಡ್ಡ ಪ್ರಶಸ್ತಿ, ನೆಬ್ಯುಲಾ ಬಂತು. ಅದೇ ವರ್ಷ ಚೀನಾದ ಚೆಂಗ್ಡುವಿನಲ್ಲಿ ಕೊಟ್ಟ ಹ್ಯೂಗೋದ ಅಂತಿಮ ಪಟ್ಟಿಯಲ್ಲೂ ಇಲ್ಲ. 2024ರ ಜನವರಿಯಲ್ಲಿ ಮತಗಳ ಲೆಕ್ಕ ಹೊರಬಿತ್ತು. ನೋಡಿದರೆ ಪಟ್ಟಿಗೆ ಸೇರುವಷ್ಟು ಮತ ಬಿದ್ದಿದೆ! ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಪೂಜಾರಿಗಳು ಬೀಜಿಂಗ್‌ನವರು ಅಂದುಕೊಂಡಿರಾ? ಫೆಬ್ರವರಿಯಲ್ಲಿ ಪ್ರಶಸ್ತಿ ನಡೆಸಿದವರ ಇ-ಮೇಲ್‌ಗಳು ಸೋರಿದವು. ಅಮೆರಿಕ, ಕೆನಡಾದ ಸ್ವಯಂಸೇವಕರು ಕೂತು ಒಬ್ಬೊಬ್ಬ ಲೇಖಕರ ಜಾತಕ ಬರೆದಿದ್ದರು. ಚೀನಾ, ತೈವಾನ್, ಟಿಬೆಟ್ ಬಗ್ಗೆ ಯಾರು ಏನಂದರು ಅಂತ. 'ಬೇಬೆಲ್' ಬಗ್ಗೆ ಬರೆದವರ ಪ್ರಾಮಾಣಿಕತೆಗೆ ಒಂದು ಶಾಲು, ಒಂದು ಹಾರ: ಇದರಲ್ಲಿ ಚೀನಾ ಜಾಸ್ತಿ ಇದೆ, ನಾನು ಓದಿಲ್ಲ, ಅಲ್ಲಿನ ರಾಜಕೀಯವೂ ನನಗೆ ಅಷ್ಟಾಗಿ ಗೊತ್ತಿಲ್ಲ ಎಂಬ ಅರ್ಥದ ಷರಾ. ಇನ್ನೇನು ಬೇಕು? ಚೀನಾಕ್ಕೆ ಅಫೀಮು ತುರುಕಿದ ಬ್ರಿಟಿಷರನ್ನು ಬೈಯುವ ಪುಸ್ತಕ ಅದು. ಓದಿದ್ದರೆ ಗೊತ್ತಾಗುತ್ತಿತ್ತು. ಓದುವುದು ಸ್ವಯಂಸೇವೆಯಲ್ಲಿ ಬರಲ್ಲವೇನೋ.

ನನಗೆ ಇದಕ್ಕಿಂತ ಇಷ್ಟವಾದದ್ದು ಅದೇ ಹ್ಯೂಗೋಗೆ ಮತ ಬಿದ್ದಿದ್ದ ಒಬ್ಬ ವಿಮರ್ಶಕರ ಜಾತಕ. ಅವರು ಟಿಬೆಟ್‌ಗೆ ಹೋಗಿದ್ದರು ಅಂತ ಅದರಲ್ಲಿತ್ತು. ನಿಜಕ್ಕೂ ಹೋಗಿದ್ದು ನೇಪಾಳಕ್ಕೆ! ಹಿಮ ಇದೆ, ಗುಡ್ಡ ಇದೆ, ಹಾಗಾದರೆ ಟಿಬೆಟ್ಟೇ. ಪುಣ್ಯಕ್ಕೆ ಅವರು ಕೊಡಗಿನ ಕಡೆ ಬಂದಿರಲಿಲ್ಲ. ಬೈಲಕುಪ್ಪೆ ದಾಟುವಾಗ ಮೋಮೋ ತಿಂದಿದ್ದರೆ ಗಲ್ಲೇ ಆಗುತ್ತಿತ್ತು. ಅನ್ಯಲೋಕಗಳಿಗೆ ನಕ್ಷೆ ಬಿಡಿಸುವ ಕಥೆಗಳನ್ನು ತೂಗಲು ಕೂತವರಿಗೆ ಈ ಲೋಕದ ನಕ್ಷೆ ಯಾಕೆ ಬಿಡಿ.

ಸಾಕು, ನಗು ಬರುತ್ತಿಲ್ಲ. ಕ್ಯಾಂಟನ್ ಎಂದರೆ ಈಗಿನ ಗುವಾಂಗ್‌ಝೌ. ಅಲ್ಲೇ ಹುಟ್ಟಿ ಅಮೆರಿಕದಲ್ಲಿ ಬೆಳೆದ ಹೆಣ್ಣುಮಗಳು ಬರೆಯುತ್ತಾಳೆ: ದೊಡ್ಡ ಸಂಸ್ಥೆಗಳು ನಮ್ಮನ್ನು ಕರೆದು ಕೂರಿಸುತ್ತವೆ, ಬೇಕಾದಾಗ ಬಾಗಿಲು ಹಾಕುತ್ತವೆ. ಅದನ್ನು ಒಂದು ದೊಡ್ಡ ಸಂಸ್ಥೆ ಓದದೇ ಬಾಗಿಲು ಹಾಕುತ್ತದೆ. ಯಾರ ಆದೇಶಕ್ಕೆ? ಆದೇಶ ಬರುವ ತನಕ ಕಾಯುವ ತಾಳ್ಮೆಯೂ ಇಲ್ಲ. ಮೊದಲೇ ಹೆದರಿಬಿಟ್ಟರು, ಅದಕ್ಕೆ ನಿಯಮ ಅಂತ ಹೆಸರಿಟ್ಟರು. ಎಂಥ ಜನವಪ್ಪ.

ಆಮೇಲೆ ರಾಜೀನಾಮೆ, ಛೀಮಾರಿ ಎಲ್ಲ ಆಯಿತು. ಆ ವರ್ಷ ಸಣ್ಣಕಥೆಗೆ ಹ್ಯೂಗೋ ಗೆದ್ದ ಸಮಂತಾ ಮಿಲ್ಸ್, ಇನ್ನು ಆ ಗೆಲುವನ್ನು ಹೇಳಿಕೊಳ್ಳುವುದಿಲ್ಲ ಅಂದುಬಿಟ್ಟರು. ಅವರ ಕಥೆಯನ್ನಂತೂ ಯಾರೂ ಅನರ್ಹ ಅಂದಿರಲಿಲ್ಲ.