ಪಾತ್ರೆ ತೊಳೆದ ಮೇಲೆ ಲ್ಯಾಬ್ ಏನು ಮಾಡಬೇಕು?

ಊಟದಲ್ಲಿ ವಿಷ ಸೇರುವ ಪ್ರಕರಣಗಳ ಬಗ್ಗೆ ನಿಮ್ಮ ಲೇಖನದಲ್ಲಿ "ಲ್ಯಾಬ್ ವರದಿ ಬರುವವರೆಗೆ ಯಾವ ವಿಷ ಎಂದು ಏನೂ ಹೇಳಲಾಗದು" ಎಂದು ಬರೆದಿದ್ದೀರಿ, ಇದನ್ನು ನಾನು ಒಪ್ಪುವುದಿಲ್ಲ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಹೊಟ್ಟೆಗೆ ಹೋದರೆ ಮೈಯೇ ಸುಳಿವು ಕೊಡುತ್ತದೆ: ಬಾಯಿ ತುಂಬ ಜೊಲ್ಲು, ಬೆವರು, ಸೂಜಿಮೊನೆಯಷ್ಟು ಸಣ್ಣಗಾದ ಕಣ್ಣಿನ ಪಾಪೆ. ಡಾಕ್ಟರು ಅದನ್ನು ನೋಡಿಯೇ ಅಟ್ರೋಪಿನ್ ಎಂಬ ಮದ್ದು ಶುರು ಮಾಡುತ್ತಾರೆ, ವರದಿಗೆ ಕಾಯುತ್ತಾ ಕೂತರೆ ಜೀವ ಉಳಿಯುತ್ತದಾ?

ಕೋರ್ಟಿಗೆ ವರದಿ ಬೇಕೇ ಬೇಕು, ನಿಜ. ಆದರೆ ನಮ್ಮ ಕಡೆ ಹಳ್ಳಿಗಳಲ್ಲಿ ಇಂಥದ್ದು ಆದಾಗ ಜನ ಗಾಬರಿಯಲ್ಲಿ ಮೊದಲು ಮಾಡುವುದೇ ಉಳಿದ ಅಡುಗೆ ಚೆಲ್ಲಿ ಪಾತ್ರೆ ತಿಕ್ಕಿ ತೊಳೆದಿಡುವುದು, ಆಮೇಲೆ ಕಲಬುರಗಿಯ ಪ್ರಾದೇಶಿಕ ವಿಧಿವಿಜ್ಞಾನ (ಫೊರೆನ್ಸಿಕ್) ಲ್ಯಾಬಿನವರು ಯಾವುದನ್ನು ಪರೀಕ್ಷೆ ಮಾಡಬೇಕು? 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತಾಗ ಇದೇ ಜಾತಿಯ ಕೀಟನಾಶಕ ಮೊನೊಕ್ರೊಟೊಫಾಸ್ ಸಿಕ್ಕಿದ್ದು ಎಣ್ಣೆ ಡಬ್ಬಿಯಲ್ಲಿ, ತಟ್ಟೆ ಪಾತ್ರೆಯಲ್ಲಿ ಉಳಿದಿದ್ದ ಊಟದಲ್ಲಿ ಅಲ್ವಾ? ಹಾಗಾಗಿ ಅಡುಗೆ, ಎಣ್ಣೆ, ಹಿಟ್ಟು, ವಾಂತಿ ಎಲ್ಲವನ್ನೂ ಬೇರೆ ಬೇರೆ ಮುಚ್ಚಿಟ್ಟು ಪೊಲೀಸರಿಗೆ ಕೊಡಬೇಕು. ಇದನ್ನು ಮೊದಲ ಪ್ಯಾರಾದಲ್ಲೇ ಬರೆಯಬೇಕಿತ್ತು.

ಇನ್ನೊಂದು ಮಾತು. ತೊಗರಿಗೆ, ಹತ್ತಿಗೆ ಹೊಡೆದ ಔಷಧಿಯ ಖಾಲಿ ಡಬ್ಬಿ ಇಲ್ಲಿ ಸುಮ್ನೆ ತೊಳೆದು ನೀರಿಗೋ ಎಣ್ಣೆಗೋ ಇಟ್ಟುಕೊಳ್ಳುವವರಿದ್ದಾರೆ. ಅದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ, ದಯವಿಟ್ಟು ಸೇರಿಸಿ.