ವೆಸ್ಟ್ ಸೈಡ್ ಸ್ಟೋರಿ ಹಾಡುಗಳನ್ನ ಆರ್ಥರ್ ಲಾರೆಂಟ್ಸ್ ಬರೆದದ್ದಲ್ಲ
ಒಂದು ಪೋಸ್ಟ್ ಓಡಾಡ್ತಿದೆ, ರೋಮಿಯೋ-ಜೂಲಿಯೆಟ್ ಕಥೆಯನ್ನ ನ್ಯೂಯಾರ್ಕ್‌ನ ಗ್ಯಾಂಗ್‌ಗಳ ನಡುವೆ ತಂದ ಸಂಗೀತ ನಾಟಕ ವೆಸ್ಟ್ ಸೈಡ್ ಸ್ಟೋರಿಯ ಹಾಡುಗಳನ್ನೆಲ್ಲ ಬರೆದಿದ್ದು ಆರ್ಥರ್ ಲಾರೆಂಟ್ಸ್, 1961ರ ಸಿನಿಮಾಗೆ ಚಿತ್ರಕಥೇನೂ ಅವರದೇ ಅಂತ. ಎರಡೂ ತಪ್ಪು. ಹಾಡಿನ ಸಾಹಿತ್ಯ ಸ್ಟೀಫನ್ ಸೋಂಡ್‌ಹೈಮ್ ಅವರದು, ಸಂಗೀತ ಲಿಯೊನಾರ್ಡ್ ಬರ್ನ್‌ಸ್ಟೈನ್, ಸಿನಿಮಾದ ಚಿತ್ರಕಥೆ ಅರ್ನೆಸ್ಟ್ ಲೇಮನ್.

ಹಾಗಾದ್ರೆ ಲಾರೆಂಟ್ಸ್ ಮಾಡಿದ್ದೇನು? 1957ರ ಬ್ರಾಡ್‌ವೇ (ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ) ನಾಟಕದ 'ಬುಕ್', ಅಂದ್ರೆ ಕಥೆಯ ಕಟ್ಟು, ದೃಶ್ಯಗಳು, ಮಾತುಗಳು. ಇದನ್ನ ಸಣ್ಣ ಕೆಲಸ ಅಂದ್ಕೋಬೇಡಿ ದಯವಿಟ್ಟು. ಷೇಕ್ಸ್‌ಪಿಯರ್‌ನ ಜೂಲಿಯೆಟ್ ಸಾಯ್ತಾಳೆ, ಇಲ್ಲಿ ನಾಯಕಿ ಮರಿಯಾ ಬದುಕಿ ಉಳೀತಾಳೆ, ಕೊನೇಲಿ ಗನ್ ಹಿಡಿದು ಎಲ್ಲರನ್ನೂ ಪ್ರಶ್ನೆ ಮಾಡ್ತಾಳಲ್ಲ, ಆ ಮಾತಿಗೆ ಹಾಡು ಕಟ್ಟೋಕೆ ಬರ್ನ್‌ಸ್ಟೈನ್ ಪ್ರಯತ್ನಪಟ್ಟು ಆಗದೆ ಅದು ಮಾತಾಗೇ ಉಳೀತು, ನನಗಂತೂ ಇಡೀ ನಾಟಕದಲ್ಲಿ ಅದೇ ಎದೆಗೆ ನಾಟೋ ಜಾಗ. ಗ್ಯಾಂಗ್ ಹುಡುಗರ ಭಾಷೆ ಬೇಗ ಹಳೇದಾಗಬಾರದು ಅಂತ ಎಷ್ಟೋ ಪದಗಳನ್ನ ಲಾರೆಂಟ್ಸ್ ಅವರೇ ಹುಟ್ಟಿಸಿದ್ರು. ಮುಂದೆ 1959ರಲ್ಲಿ 'ಜಿಪ್ಸಿ' ಅನ್ನೋ ಸಂಗೀತ ನಾಟಕದ ಬುಕ್ ಕೂಡ ಅವರದೇ.

ಇನ್ನೊಂದು, ಅವರಿಗೆ 'ಲಾ ಕಾಜ್ ಓ ಫೋಲ್' ಅನ್ನೋ ಸಂಗೀತ ನಾಟಕ ಬರೆದಿದ್ದಕ್ಕೆ ಟೋನಿ (ಬ್ರಾಡ್‌ವೇ ನಾಟಕಗಳಿಗೆ ಕೊಡೋ ಪ್ರಶಸ್ತಿ) ಬಂತು ಅಂತಾನೂ ಆ ಪೋಸ್ಟ್‌ನಲ್ಲಿದೆ. ಬಂದಿದ್ದು 1984ರಲ್ಲಿ, ನಿರ್ದೇಶನಕ್ಕೆ. ಅದರ ಬುಕ್ ಹಾರ್ವಿ ಫಿಯರ್‌ಸ್ಟೈನ್ ಬರೆದದ್ದು. ಪೋಸ್ಟ್ ಹಾಕಿದವರು ತಿದ್ದಿದ್ರೆ ಒಳ್ಳೇದು, ಯಾಕಂದ್ರೆ ಲಾರೆಂಟ್ಸ್ ನಿಜವಾಗಿ ಬರೆದ ಮಾತುಗಳ ಹೆಸರೇ ಅದರಲ್ಲಿ ಎಲ್ಲೂ ಇಲ್ಲ.