ಸತ್ಯಾಂಶ: ಗಂಟು ಕಂಡ ಕೂಡಲೇ ಥೈರಾಯ್ಡ್ ತೆಗೆಸಬೇಕಾ?

'ಥೈರಾಯ್ಡ್‌ನಲ್ಲಿ ಗಂಟು ಅಂದರೆ ಕ್ಯಾನ್ಸರ್. ಕೂಡಲೇ ಆಪರೇಷನ್ ಮಾಡಿಸಿ, ಹತ್ತು ಜನರಿಗೆ ಕಳಿಸಿ.' ಉಡುಪಿಯ ನಮ್ಮ ಫ್ಯಾಮಿಲಿ ಗ್ರೂಪಿಗೆ ಇದು ಮೂರನೇ ಸಲ ಬಂತು. ಮಲ್ಪೆಯ ಚಿಕ್ಕಮ್ಮ ಅವತ್ತು ರಾತ್ರಿ ಕನ್ನಡಿ ಮುಂದೆ ನಿಂತು ಕತ್ತು ಮುಟ್ಟಿ ಮುಟ್ಟಿ ನೋಡಿಕೊಂಡರಂತೆ. ಪಾಪ!

ನಿಜ ಏನೆಂದರೆ, ಇಂಥ ಗಂಟುಗಳಲ್ಲಿ 100ಕ್ಕೆ 90ರಷ್ಟು ಕ್ಯಾನ್ಸರ್ ಅಲ್ಲವೇ ಅಲ್ಲ. ಮೊದಲು ಟಿಎಸ್‌ಎಚ್ (ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ), ಅಲ್ಟ್ರಾಸೌಂಡ್. ಅನುಮಾನ ಬಂದರೆ ಸಣ್ಣ ಸೂಜಿ ಹಾಕಿ ಗಂಟಿನ ಜೀವಕೋಶ ತೆಗೆದು ನೋಡುವ ಎಫ್‌ಎನ್‌ಎಸಿ ಪರೀಕ್ಷೆ. ಆ ರಿಪೋರ್ಟಿನಲ್ಲಿ 'ಬೆಥೆಸ್ಡಾ' ಅಂತ 1ರಿಂದ 6ರವರೆಗಿನ ಒಂದು ಸಂಖ್ಯೆ ಇರುತ್ತದೆ. ಅದನ್ನು ಹುಡುಕಿ. 2 ಅಂದರೆ ನಿರಪಾಯದ ಗಂಟು, 6 ಅಂದರೆ ಕ್ಯಾನ್ಸರ್. 1 ಅಂದರೆ ಸ್ಯಾಂಪಲ್ ಸಾಲಲಿಲ್ಲ, ಅಷ್ಟೇ. ತಲೆಬಿಸಿ ಇರುವುದು ಕ್ಯಾನ್ಸರ್ ಹೌದೋ ಅಲ್ಲವೋ ಸ್ಪಷ್ಟವಾಗದ 3, 4ರಲ್ಲಿ. ಅಲ್ಲಿ ಇನ್ನೊಬ್ಬ ಡಾಕ್ಟರನ್ನೂ ಕೇಳುವುದು ಒಳ್ಳೆಯದು.

ಕ್ಯಾನ್ಸರ್ ಆದರೂ ಎಲ್ಲ ಸಲ ಅವಸರ ಇರುವುದಿಲ್ಲ. 1 ಸೆಂ.ಮೀ.ಗಿಂತ ಚಿಕ್ಕ 'ಪ್ಯಾಪಿಲರಿ' ಎನ್ನುವ ಬಗೆಯ ಕ್ಯಾನ್ಸರ್ ಗಂಟುಗಳಲ್ಲಿ ಕೆಲವನ್ನು ಸುಮ್ನೆ ಗಮನಿಸುತ್ತಾ ಇರುವ ಕ್ರಮ ಜಪಾನಿನಲ್ಲಿ 1993ರಿಂದಲೇ ಇದೆ.

ಹಾಗಂತ ಆಪರೇಷನ್ ಬೇಡವೇ ಬೇಡ, ಕೊತ್ತಂಬರಿ ನೀರು ಸಾಕು ಎನ್ನುವ ಫಾರ್ವರ್ಡ್ ಕೂಡ ಸುಳ್ಳು. ಗಂಟು ಉಸಿರಾಟಕ್ಕೆ, ನುಂಗುವುದಕ್ಕೆ ಅಡ್ಡಿಯಾದರೆ, ಕ್ಯಾನ್ಸರಿನ ಅನುಮಾನ ಗಟ್ಟಿಯಾದರೆ ಅದು ಬೇಕಾಗಬಹುದು. ಟಿಎಸ್‌ಎಚ್ ಜಾಸ್ತಿ ಅನ್ನುವುದಕ್ಕೆ ಮಾತ್ರ ಆಪರೇಷನ್ ಇಲ್ಲ, ಅದಕ್ಕೆ ಮಾತ್ರೆ.

ಡಾಕ್ಟರ್ ತೆಗೆಯಬೇಕು ಅಂದರೆ 'ಅರ್ಧವಾ, ಪೂರ್ತಿಯಾ?' ಅಂತ ಕೇಳಿ. ಪೂರ್ತಿ ತೆಗೆದರೆ ಜೀವನಪೂರ್ತಿ ದಿನಾ ಮಾತ್ರೆ. ಸ್ವರದ ನರ, ಕ್ಯಾಲ್ಸಿಯಂ ನೋಡಿಕೊಳ್ಳುವ ನಾಲ್ಕು ಪುಟ್ಟ ಗ್ರಂಥಿಗಳು ಅಲ್ಲೇ ಪಕ್ಕದಲ್ಲಿವೆ. ಅವುಗಳ ಬಗ್ಗೆಯೂ ಕೇಳಿ.